ಪ್ಲೆಸೆಂಟನ್ ಕೌಂಟಿ ಫೇರ್, ಬ್ರೆಂಟ್‌ವುಡ್ ತೋಟ: ಊರಿನಿಂದ ಬಂದ ಸ್ನೇಹಿತರೊಡನೆ ಒಂದು ವಾರಾಂತ್ಯ

ಬೇಸಿಗೆಯಲ್ಲಿ ಊರಿನಿಂದ ಸ್ನೇಹಿತರು ಸಂಸಾರ ಸಮೇತ ಬಂದಾಗ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಕನ್ನಡಿಗರು ಅವರನ್ನು ಗೋಲ್ಡನ್ ಗೇಟ್ ಸೇತುವೆ, ಹೆಸರುವಾಸಿ ಕಂಪನಿಗಳ ಆವರಣ, ಔಟ್‌ಲೆಟ್ ಮಾಲ್ ಎಂದು ಸುತ್ತಿಸುವುದು ರೂಢಿ. ಅವೆಲ್ಲ ನೋಡತಕ್ಕವೇ. ಆದರೆ ಈ ದೇಶದಲ್ಲಿ ಬೇಸಾಯ ಮಾಡುವವರು ಯಾರು, ಹಸು ಕುರಿಗಳು ಎಲ್ಲಿವೆ, ರೈತರ ಮಕ್ಕಳು ಹೊಲದಲ್ಲಿ ದುಡಿಯುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಆ ಜಾಗಗಳಲ್ಲಿ ಉತ್ತರ ಸಿಗುವುದಿಲ್ಲ. ಜಮೀನಿನ ನಂಟು ಇನ್ನೂ ಉಳಿದಿರುವ ಅತಿಥಿಗಳು ಮೊದಲು ಕೇಳುವುದು ಇವನ್ನೇ. ಅವರು ಜೂನ್ ಕೊನೆಯಲ್ಲೋ ಜುಲೈ ಆರಂಭದಲ್ಲೋ ನಿಮ್ಮ ಮನೆಯಲ್ಲಿದ್ದರೆ, ಶನಿವಾರ ಪ್ಲೆಸೆಂಟನ್‌ನ ಅಲಮೀಡಾ ಕೌಂಟಿ ಫೇರ್ ಮತ್ತು ಭಾನುವಾರ ಬ್ರೆಂಟ್‌ವುಡ್‌ನ ಹಣ್ಣಿನ ತೋಟ ಎಂದು ಎರಡು ದಿನ ಮೀಸಲಿಡಿ. ಈ ಲೇಖನ ಆ ಎರಡು ದಿನಗಳನ್ನು ಹೇಗೆ ಯೋಜಿಸಬೇಕೆಂಬುದರ ಕುರಿತದ್ದು. ನನ್ನ ಸಲಹೆಯ ತಿರುಳು ಇಷ್ಟೇ: ತೊಟ್ಟಿಲು, ರಾಟೆಗಳನ್ನು ಕೊನೆಗಿಟ್ಟು, ದಿನದ ಒಳ್ಳೆಯ ಹೊತ್ತನ್ನು ಪ್ರಾಣಿಗಳ ಕೊಟ್ಟಿಗೆಗೂ ಅಲ್ಲಿರುವ ಮಕ್ಕಳಿಗೂ ಕೊಡಿ.

ಹೊರಡುವ ಮೊದಲೇ ಫೇರ್ ಎಂದರೇನೆಂದು ಅತಿಥಿಗಳಿಗೆ ಹೇಳಿಬಿಡುವುದು ಒಳ್ಳೆಯದು. ಕೌಂಟಿ ಎಂಬುದು ಸುಮಾರಾಗಿ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಆ ಕೌಂಟಿಯವರು ಬೆಳೆದದ್ದು, ಸಾಕಿದ್ದು, ಹೊಲಿದದ್ದು, ಬೇಯಿಸಿದ್ದು ಎಲ್ಲವನ್ನೂ ಒಂದೆಡೆ ತಂದಿಟ್ಟು ತೀರ್ಪುಗಾರರಿಂದ ಬಹುಮಾನ ಪಡೆಯುವ ವಾರ್ಷಿಕ ಮೇಳವೇ ಕೌಂಟಿ ಫೇರ್. 1807ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಎಂಬ ಊರಿನಲ್ಲಿ ಎಲ್ಕಾನಾ ವಾಟ್ಸನ್ ಎಂಬಾತ ತನ್ನ ಎರಡು ಮೆರಿನೋ ಕುರಿಗಳನ್ನು ಜನರು ನೋಡಲೆಂದು ಊರ ನಡುವೆ ಕಟ್ಟಿದ್ದರಿಂದ ಈ ಸಂಪ್ರದಾಯ ಬೆಳೆಯಿತೆಂದು ಹೇಳುತ್ತಾರೆ. ಅಲಮೀಡಾ ಕೌಂಟಿಯ ಫೇರ್ ಆರಂಭವಾದದ್ದು 1912ರಲ್ಲಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವಾದ ಜಿಕೆವಿಕೆಯ ಕೃಷಿ ಮೇಳವನ್ನೂ ಬಲ್ಲವರಿಗೆ ಎರಡನ್ನೂ ಕಲೆಸಿ, ಮೇಲೆ ಒಂದಿಷ್ಟು ಎಣ್ಣೆ ತಿಂಡಿ ಮತ್ತು ಸಂಗೀತವನ್ನು ಸೇರಿಸಿದಂತಿರುತ್ತದೆ ಎಂದರೆ ಚಿತ್ರ ಸಿಕ್ಕೀತು. ಆದರೆ ಒಂದು ವ್ಯತ್ಯಾಸವನ್ನು ತಪ್ಪದೆ ತಿಳಿಸಬೇಕು, ಅದನ್ನು ಮುಂದೆ ಹೇಳುತ್ತೇನೆ.

ದಿನ ಗೊತ್ತುಮಾಡುವ ಮುನ್ನ

ಫೇರ್ ಸಾಮಾನ್ಯವಾಗಿ ಜೂನ್ ನಡುವಿನಿಂದ ಜುಲೈ ಮೊದಲ ಅಥವಾ ಎರಡನೆಯ ವಾರದವರೆಗೆ ನಡೆಯುತ್ತದೆ. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಸ್ನೇಹಿತರು ಟಿಕೆಟ್ ಕಾದಿರಿಸುವ ಮೊದಲೇ ಆ ವರ್ಷದ ವೇಳಾಪಟ್ಟಿಯನ್ನು ನೋಡಿಕೊಳ್ಳಿ. ವೇಳಾಪಟ್ಟಿಯಲ್ಲಿ ಗಮನಿಸಬೇಕಾದದ್ದು ಸಂಗೀತ ಕಛೇರಿಗಳನ್ನಲ್ಲ, ಯಾವ ದಿನ ಯಾವ ಪ್ರಾಣಿಗಳ ಸ್ಪರ್ಧೆ ಎಂಬುದನ್ನು. ಒಂದು ವಾರ ಕುರಿ ಮತ್ತು ಹಂದಿಗಳಿದ್ದರೆ ಇನ್ನೊಂದು ವಾರ ಬೇರೆಯವು ಬಂದಿರುತ್ತವೆ. 2025ರ ಜನವರಿಯಲ್ಲಿ ಹಕ್ಕಿಜ್ವರದ ಕಾರಣದಿಂದ ಕ್ಯಾಲಿಫೋರ್ನಿಯಾ ರಾಜ್ಯವು ಫೇರ್‌ಗಳಲ್ಲಿ ಕೋಳಿ ಮತ್ತು ಹಾಲಿನ ಹಸುಗಳ ಪ್ರದರ್ಶನವನ್ನೇ ನಿಷೇಧಿಸಿತ್ತು. ಆದ್ದರಿಂದ ಹಸು ತೋರಿಸುತ್ತೇವೆಂದು ಅತಿಥಿಗಳ ಮಕ್ಕಳಿಗೆ ಮಾತು ಕೊಡುವ ಮೊದಲು ಆ ವರ್ಷ ಯಾವುದಕ್ಕೆ ಅನುಮತಿ ಇದೆಯೆಂದು ವಿಚಾರಿಸಿಕೊಳ್ಳಿ.

ಅತಿಥಿಗಳು ಭಾರತದಿಂದ ಈಗಷ್ಟೇ ಇಳಿದಿದ್ದರೆ ಇನ್ನೊಂದು ಎಚ್ಚರಿಕೆ ಅಗತ್ಯ, ಮತ್ತು ಇದು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳದ ಸಂಗತಿ. ಅಮೆರಿಕದಲ್ಲಿ ದನಕುರಿಗಳಿಗೆ ತಗಲುವ ಕಾಲುಬಾಯಿ ರೋಗ ಕೊನೆಯ ಬಾರಿ ಕಾಣಿಸಿಕೊಂಡದ್ದು 1929ರಲ್ಲಿ, ಅದೂ ಕ್ಯಾಲಿಫೋರ್ನಿಯಾದಲ್ಲಿಯೇ. ನಮ್ಮಲ್ಲಿ ಆ ರೋಗ ಇಂದಿಗೂ ಇದೆ. ರೋಗದ ವೈರಾಣು ಮನುಷ್ಯರಿಗೆ ತೊಂದರೆ ಕೊಡದಿದ್ದರೂ ಚಪ್ಪಲಿಗೆ ಮೆತ್ತಿದ ಸಗಣಿ, ಮಣ್ಣು ಮತ್ತು ಬಟ್ಟೆಗಳ ಮೂಲಕ ಸಾಗಬಲ್ಲದು. ಆದುದರಿಂದಲೇ ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗಳು ಇತ್ತೀಚೆಗೆ ಜಮೀನಿಗೋ ಕೊಟ್ಟಿಗೆಗೋ ಹೋಗಿದ್ದಿರಾ ಎಂದು ಕೇಳುತ್ತಾರೆ. ಹೋಗಿದ್ದವರು ಹೌದೆಂದೇ ಉತ್ತರಿಸಬೇಕು. ಹೆಚ್ಚೆಂದರೆ ಪಾದರಕ್ಷೆಯನ್ನು ಪರೀಕ್ಷಿಸಿ ತೊಳೆಸುತ್ತಾರೆ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ದಂಡ ತೆರಬೇಕಾಗುತ್ತದೆ. ಊರಿನಲ್ಲಿ ಹಸು ಎಮ್ಮೆ ಕಟ್ಟಿರುವ ಮನೆಯಿಂದ ಬರುವವರಿಗೆ ಹೊರಡುವ ಮೊದಲೇ ಚಪ್ಪಲಿ, ಬೂಟುಗಳನ್ನು ಚೆನ್ನಾಗಿ ತೊಳೆದು ಒಣಗಿಸಿಕೊಳ್ಳಲು ಫೋನಿನಲ್ಲಿ ತಿಳಿಸಿ. ಬಂದಿಳಿದ ಮೇಲೆ ಕನಿಷ್ಠ ಐದು ದಿನ ಇಲ್ಲಿನ ದನಕರುಗಳ ಹತ್ತಿರ ಹೋಗಬಾರದೆಂಬುದು ಪಶುವೈದ್ಯರ ಸಲಹೆ. ಅಂದರೆ ಗುರುವಾರ ಬಂದವರನ್ನು ಶನಿವಾರವೇ ಫೇರ್‌ನ ಕೊಟ್ಟಿಗೆಗೆ ಕರೆದೊಯ್ಯದೆ ಮುಂದಿನ ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಅವರ ನಿದ್ದೆಯೂ ಇಲ್ಲಿನ ಗಡಿಯಾರಕ್ಕೆ ಹೊಂದಿಕೊಂಡಿರುತ್ತದೆ.

ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಆಸುಪಾಸಿನ ವಾರಾಂತ್ಯ ಜನಜಂಗುಳಿಯದು. ವಯಸ್ಸಾದವರು ಜೊತೆಗಿದ್ದರೆ ಅದನ್ನು ಬಿಡುವುದೇ ಲೇಸು. ಟಿಕೆಟ್ಟನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕೊಂಡರೆ ಸಾಮಾನ್ಯವಾಗಿ ಅಗ್ಗ. ವಾಹನ ನಿಲುಗಡೆಗೂ ಆಟದ ಯಂತ್ರಗಳಿಗೂ ಬೇರೆಯಾಗಿ ಹಣ ಕೊಡಬೇಕೆಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಶನಿವಾರ: ಕೊಟ್ಟಿಗೆಯಿಂದ ಆರಂಭಿಸಿ

ಪ್ಲೆಸೆಂಟನ್ ಕೊಲ್ಲಿಯಿಂದ ಬೆಟ್ಟಗಳಾಚೆ ಇರುವ ಕಣಿವೆಯ ಊರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ವೆಟರ್ ಹಾಕಿಕೊಂಡು ನಡುಗಿದ ಅತಿಥಿಗಳು, ಇಲ್ಲಿ ಅದೇ ವಾರ 35 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲನ್ನು ಕಂಡು ಬೆರಗಾಗುತ್ತಾರೆ. ಸೆಕೆ ನಮ್ಮ ಕರಾವಳಿಯಂತೆ ಬೆವರಿಳಿಸುವುದಿಲ್ಲವಾದ್ದರಿಂದ ಬಾಯಾರಿಕೆ ಗೊತ್ತೇ ಆಗದೆ ಮೈ ಒಣಗುತ್ತದೆ. ಟೊಪ್ಪಿಗೆ ಮತ್ತು ನೀರಿನ ಬಾಟಲಿ ಎಲ್ಲರಿಗೂ ಇರಲಿ. ಕಾಲಿಗೆ ಮುಚ್ಚಿದ ಬೂಟು ಹಾಕಿಸಿ. ಸೀರೆ ಉಟ್ಟು ಬರುವ ಹಿರಿಯರಿಗೆ ಕೊಟ್ಟಿಗೆಯ ನೆಲದಲ್ಲಿ ಮರದ ಹೊಟ್ಟು ಹರಡಿರುತ್ತದೆಂದು ಮೊದಲೇ ಹೇಳಿ.

ಬಾಗಿಲು ತೆರೆಯುತ್ತಿದ್ದಂತೆ ಒಳಹೊಕ್ಕು ನೇರವಾಗಿ ಪ್ರಾಣಿಗಳ ಸಾಲಿಗೆ ನಡೆಯಿರಿ. ಮಧ್ಯಾಹ್ನವಾದರೆ ಹಂದಿಗಳು, ಕುರಿಗಳು ಸೆಕೆಗೆ ಮಲಗಿಬಿಡುತ್ತವೆ, ಅವುಗಳನ್ನು ನೋಡಿಕೊಳ್ಳುವ ಮಕ್ಕಳೂ ಸುಸ್ತಾಗಿರುತ್ತಾರೆ. ಬೆಳಗಿನಲ್ಲಾದರೆ ಮೈ ತೊಳೆಯುವುದು, ಉಣ್ಣೆ ಬಾಚುವುದು, ಮೇವು ಹಾಕುವುದು ನಡೆದಿರುತ್ತದೆ. ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು ಹಸಿರು ಟೈ ಅಥವಾ ಸ್ಕಾರ್ಫ್ ಕಟ್ಟಿದವರು ಫೋರ್-ಎಚ್ ಎಂಬ ಸಂಘಟನೆಯ ಮಕ್ಕಳು. ಅದರ ಬೇರು 1902ರಲ್ಲಿ ಒಹಾಯೋದಲ್ಲಿ ಹುಟ್ಟಿದ ಹಳ್ಳಿ ಮಕ್ಕಳ ಕ್ಲಬ್ಬಿನಲ್ಲಿದೆ, ನಾಲ್ಕೆಲೆಯ ಹಸಿರು ಕ್ಲೋವರ್ ಅದರ ಗುರುತು. ನೀಲಿ ಕಾರ್ಡುರಾಯ್ ಕೋಟು ತೊಟ್ಟ ಹೈಸ್ಕೂಲು ವಿದ್ಯಾರ್ಥಿಗಳು 1928ರಲ್ಲಿ ಸ್ಥಾಪನೆಯಾದ ಎಫ್‌ಎಫ್‌ಎ (ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ) ಎಂಬ ಕೃಷಿ ವಿದ್ಯಾರ್ಥಿಗಳ ಸಂಘದವರು. ಸೆಕೆ ಎಷ್ಟೇ ಇದ್ದರೂ ಆ ದಪ್ಪ ಕೋಟನ್ನು ಸ್ಪರ್ಧೆಯ ಕಣದಲ್ಲಿ ಬಿಚ್ಚದೆ ನಿಲ್ಲುವ ಹುಡುಗ ಹುಡುಗಿಯರನ್ನು ನೋಡಿದಾಗ ನನಗೆ ಗೌರವವೂ ಮರುಕವೂ ಒಟ್ಟಿಗೇ ಆಗುತ್ತವೆ.

ಈ ಮಕ್ಕಳನ್ನು ಮಾತನಾಡಿಸುವುದೇ ಆ ದಿನದ ಮುಖ್ಯ ಕೆಲಸ. ಅವರಿಗೆ ತಮ್ಮ ಪ್ರಾಣಿಯ ಬಗ್ಗೆ ಹೇಳುವುದು ಇಷ್ಟ, ಹಾಗೆ ಹೇಳಲು ತರಬೇತಿಯೂ ಇರುತ್ತದೆ. ಇದರ ತಳಿ ಯಾವುದು, ದಿನಕ್ಕೆ ಎಷ್ಟು ಮೇವು, ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀಯ ಎಂದು ನಿಮ್ಮ ಸ್ನೇಹಿತರು ಕನ್ನಡದಲ್ಲಿ ಕೇಳಿದರೆ ನೀವು ಮಧ್ಯೆ ನಿಂತು ತಿಳಿಸಿ. ನಿಮ್ಮ ಸ್ನೇಹಿತರ ಮನೆಯಲ್ಲಿ ಹಸುಗಳಿವೆ ಎಂಬುದನ್ನೂ ಹೇಳಿ, ಆಮೇಲೆ ಮಕ್ಕಳೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಎಚ್‌ಎಫ್ ಮತ್ತು ಜರ್ಸಿ ಹಸುಗಳಿದ್ದರೆ ನಮ್ಮ ಡೇರಿ ಸಂಘಗಳಿಗೆ ಹಾಲು ಹಾಕುವವರಿಗೆ ಅವು ಹಳೆಯ ಪರಿಚಯವೇ. ಉದ್ದ ಕಿವಿ ಇಳಿಬಿಟ್ಟ ನುಬಿಯನ್ ಆಡನ್ನು ಕಂಡು ಇದು ನಮ್ಮ ಕಡೆಯದರಂತಿದೆಯಲ್ಲ ಎಂದು ಯಾರಾದರೂ ಅಂದರೆ ಅವರ ಕಣ್ಣು ಸರಿಯಾಗಿಯೇ ಇದೆ: ಇಂಗ್ಲೆಂಡಿನಲ್ಲಿ ಆ ತಳಿಯನ್ನು ರೂಪಿಸಿದಾಗ ಭಾರತದ ಜಮುನಾಪಾರಿ ಆಡುಗಳನ್ನೂ ಬಳಸಿದ್ದರು. ಇನ್ನು ಟೆಕ್ಸಾಸ್ ಕಡೆಯ ಫೇರ್‌ಗಳಲ್ಲಿ ಕಾಣುವ, ಡುಬ್ಬ ಇರುವ ಅಮೆರಿಕನ್ ಬ್ರಾಹ್ಮನ್ ದನಗಳ ಪೂರ್ವಜರಲ್ಲಿ ಗಿರ್, ಓಂಗೋಲ್, ಕಾಂಕ್ರೇಜ್ ತಳಿಗಳ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯೂ ಸೇರಿದೆ.

ಮುಟ್ಟುವ ಮೊದಲು ಕೇಳಿ, ಫೋಟೋ ತೆಗೆಯುವ ಮೊದಲೂ ಕೇಳಿ. ಕೊಟ್ಟಿಗೆಯೊಳಗೆ ತಿನ್ನುವುದು, ಕುಡಿಯುವುದು, ಮಗುವಿನ ಬಾಯಿಗೆ ನಿಪ್ಪಲ್ ಇಡುವುದು ಬೇಡ. ಹೊರಬಂದೊಡನೆ ಸೋಪು ಮತ್ತು ಹರಿಯುವ ನೀರಿನಿಂದ ಕೈ ತೊಳೆಯಿಸಿ, ಏಕೆಂದರೆ ದನಕುರಿಗಳ ಸಗಣಿಯಿಂದ ಹರಡುವ ಇ. ಕೋಲಿಯಂಥ ಸೋಂಕಿಗೆ ಸ್ಯಾನಿಟೈಸರ್ ಒಂದನ್ನೇ ನಂಬುವಂತಿಲ್ಲ. ಐದು ವರ್ಷದೊಳಗಿನ ಮಕ್ಕಳು, ಅರವತ್ತೈದು ದಾಟಿದವರು ಮತ್ತು ಗರ್ಭಿಣಿಯರ ವಿಷಯದಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ.

ಈಗ ಮೊದಲು ಹೇಳಿದ ವ್ಯತ್ಯಾಸದ ವಿಷಯ. ನಮ್ಮ ದನಗಳ ಜಾತ್ರೆಯಲ್ಲಿ ಎತ್ತಿನ ಜೋಡಿಯನ್ನು ಕೊಂಡವರು ಉಳುಮೆಗೆ ಒಯ್ಯುತ್ತಾರೆ. ಇಲ್ಲಿ ಮಕ್ಕಳು ತಿಂಗಳುಗಟ್ಟಲೆ ಹೆಸರಿಟ್ಟು ಸಾಕಿದ ಹಂದಿ, ಕುರಿ, ಹೋರಿಗಳಲ್ಲಿ ಮಾರಾಟ ವಿಭಾಗಕ್ಕೆ ಸೇರಿದವುಗಳನ್ನು ಸ್ಪರ್ಧೆಗಳು ಮುಗಿದ ಮೇಲೆ ತೂಕಕ್ಕೆ ಇಂತಿಷ್ಟೆಂದು ಹರಾಜು ಹಾಕುತ್ತಾರೆ ಮತ್ತು ಅವು ಕಸಾಯಿಖಾನೆಗೆ ಹೋಗುತ್ತವೆ. ಊರಿನ ವ್ಯಾಪಾರಿಗಳು ಮಾರುಕಟ್ಟೆಗಿಂತ ಎಷ್ಟೋ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಾರೆ. ಆ ಹಣ ಮಗುವಿನ ಕಾಲೇಜಿಗೋ ಮುಂದಿನ ವರ್ಷದ ಮೇವಿಗೋ ಆಗುತ್ತದೆ. ಹಾಲಿನ ಪ್ರಾಣಿಗಳೂ ತಳಿಗೆಂದು ಸಾಕಿದವೂ ಮನೆಗೆ ಮರಳುತ್ತವೆ. ಸಸ್ಯಾಹಾರಿ ಸ್ನೇಹಿತರಿಗೆ ಇದನ್ನು ಹಿಂದಿನ ದಿನವೇ, ಮುಚ್ಚುಮರೆಯಿಲ್ಲದೆ ತಿಳಿಸಿ. ನೋಡಲಾಗದು ಎನ್ನುವವರಿದ್ದರೆ ಹರಾಜಿನ ದಿನವನ್ನು ಬಿಟ್ಟು ಬೇರೆ ದಿನ ಹೋಗಿ, ಹಾಲಿನ ಆಡು ಮತ್ತು ಮೊಲಗಳ ಸಾಲಿನಲ್ಲೇ ಹೆಚ್ಚು ಹೊತ್ತು ಕಳೆಯಿರಿ. ಕೊಟ್ಟಿಗೆಯಲ್ಲಿ ಮಗುವಿನೆದುರು ಅಯ್ಯೋ ಪಾಪ, ಇದನ್ನು ಕೊಲ್ಲುತ್ತಾರಂತೆ ಎಂಬ ಮಾತು ಯಾವ ಭಾಷೆಯಲ್ಲೂ ಬೇಡ. ಮಾರಾಟದ ದಿನ ಅಳುವವರು ಆ ಮಕ್ಕಳೇ.

ಸ್ಪರ್ಧೆ ನಡೆಯುತ್ತಿದ್ದರೆ ಅರ್ಧ ಗಂಟೆ ಕುಳಿತು ನೋಡಿ. ಶೋಮನ್‌ಶಿಪ್ ಎಂಬ ವಿಭಾಗದಲ್ಲಿ ಅಂಕ ಸಿಗುವುದು ಪ್ರಾಣಿಗಲ್ಲ, ಅದನ್ನು ನಡೆಸುವ ಮಗುವಿಗೆ. ಕುರಿಯನ್ನು ಹಗ್ಗವಿಲ್ಲದೆ ಬರಿಗೈಯಲ್ಲಿ ಹಿಡಿದು ನಿಲ್ಲಿಸಬೇಕು, ಹಂದಿಯನ್ನು ಸಣ್ಣ ಕೋಲಿನಿಂದ ಮೆಲ್ಲನೆ ತಟ್ಟಿ ತಲೆಯೆತ್ತಿ ನಡೆಸಬೇಕು, ಕಣ್ಣು ಸದಾ ತೀರ್ಪುಗಾರರ ಮೇಲಿರಬೇಕು. ನೀಲಿ ರಿಬ್ಬನ್ ಮೊದಲ ಸ್ಥಾನಕ್ಕೆ, ಕೆಂಪು ಎರಡನೆಯದಕ್ಕೆ, ಬಿಳಿ ಮೂರನೆಯದಕ್ಕೆ. ಆದರೆ ಮಕ್ಕಳ ಹಲವು ಸ್ಪರ್ಧೆಗಳಲ್ಲಿ ಒಬ್ಬರನ್ನು ಇನ್ನೊಬ್ಬರೊಡನೆ ತೂಗದೆ ನಿಗದಿತ ಮಟ್ಟ ಮುಟ್ಟಿದವರಿಗೆಲ್ಲ ನೀಲಿಯನ್ನೇ ಕೊಡುವುದರಿಂದ, ಎಲ್ಲರಿಗೂ ಮೊದಲ ಬಹುಮಾನವೇ ಎಂದು ನಗಬೇಕಾಗಿಲ್ಲ.

ಬಿಸಿಲು ಏರಿದ ಮೇಲೆ ತಂಪಾದ ಸಭಾಂಗಣಗಳಿಗೆ ಹೋಗಿ. ಕೌದಿಯ ನೆಂಟಳಂತಿರುವ ಕ್ವಿಲ್ಟ್‌ಗಳು, ಜಾಮ್ ಮತ್ತು ಉಪ್ಪಿನಕಾಯಿಯ ಬಾಟಲಿಗಳು, ಮನೆಯಂಗಳದಲ್ಲಿ ಬೆಳೆದ ತರಕಾರಿಗಳು, ಜೇನು ಅಲ್ಲಿ ಸಾಲಾಗಿರುತ್ತವೆ. ಉತ್ತರ ಕರ್ನಾಟಕದ ಕಡೆಯ ಹಿರಿಯ ಹೆಂಗಸರು ಜೊತೆಗಿದ್ದರೆ ಕ್ವಿಲ್ಟ್‌ಗಳ ಮುಂದೆ ಅವರನ್ನು ಅವಸರಪಡಿಸಬೇಡಿ. ಈ ವಿಭಾಗಗಳಿಗೆ ಸಾಮಾನ್ಯರೂ ತಮ್ಮ ಕೈಕೆಲಸವನ್ನು ಸಲ್ಲಿಸಬಹುದು, ಆದರೆ ಹೆಸರು ನೋಂದಾಯಿಸುವ ಗಡುವು ಫೇರ್‌ಗಿಂತ ಬಹಳ ಮೊದಲೇ ಮುಗಿದಿರುತ್ತದೆ; ನಿಮ್ಮ ಹಿತ್ತಿಲಿನ ಬದನೆ, ಹೀರೇಕಾಯಿಗಳ ಬಗ್ಗೆ ಹೆಮ್ಮೆಯಿದ್ದರೆ ಮುಂದಿನ ವರ್ಷದ ವಸಂತದಲ್ಲೇ ನಿಯಮಾವಳಿ ತರಿಸಿಕೊಳ್ಳಿ.

ಫೇರ್ ಮೈದಾನದ ಒಂದು ಮೈಲಿಯ ಕುದುರೆ ಓಟದ ಪಥ 1858ರದು, ಈ ಬಗೆಯದರಲ್ಲಿ ದೇಶದಲ್ಲೇ ಅತಿ ಹಳೆಯದೆಂದು ಹೆಸರಾದದ್ದು. ಹಿಂದೆ ಬಂದುಹೋದ ಸ್ನೇಹಿತರು ಕುದುರೆ ಪಂದ್ಯವನ್ನು ನೆನಪಿಸಿಕೊಂಡು ಕೇಳಿದರೆ, 2025ರಿಂದ ಅದು ನಿಂತಿದೆಯೆಂದು ತಿಳಿಸಿ. ಆಟದ ಯಂತ್ರಗಳನ್ನು ಸಂಜೆಗೆ ಇಟ್ಟುಕೊಳ್ಳಿ. ಕೊಲ್ಲಿಯ ಗಾಳಿ ಬೆಟ್ಟ ದಾಟಿ ಬರುವ ಹೊತ್ತಿಗೆ ದೊಡ್ಡ ರಾಟೆಯ ಮೇಲಿನಿಂದ ಕಣಿವೆಯಿಡೀ ಕಾಣುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ, ಮಕ್ಕಳಿಗೆ ತಾವಾಗಿಯೇ ತಿಳಿಯುತ್ತದೆ.

ಫೇರ್‌ನಲ್ಲಿ ಊಟ

ಸಸ್ಯಾಹಾರಿಗಳಿಗೆ ಇಲ್ಲಿ ಉಪವಾಸವೇನೂ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಕಾರ್ನ್ ಡಾಗ್ ಎಂಬುದು ಜೋಳದ ತಿಂಡಿಯಲ್ಲ. ಒಳಗೆ ಮಾಂಸದ ಸಾಸೇಜ್ ಇರುತ್ತದೆ, ಹೆಸರಿನಿಂದ ಮೋಸಹೋಗಬೇಡಿ. ಜಿಲೇಬಿಯಂತೆ ಎಣ್ಣೆಯಲ್ಲಿ ಸುರುಳಿ ಬಿಟ್ಟು ಕರಿಯುವ ಫನಲ್ ಕೇಕಿನ ಹಿಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ. ಆಲೂಗಡ್ಡೆಯ ಫ್ರೈಸನ್ನು ಮಾಂಸ ಕರಿದ ಎಣ್ಣೆಯಲ್ಲೇ ಕರಿಯುವ ಅಂಗಡಿಗಳಿವೆ. ಮೆಕ್ಸಿಕನ್ ಅಂಗಡಿಯ ರೀಫ್ರೈಡ್ ಬೀನ್ಸ್ ಎಂಬ ಕಾಳಿನ ಪಲ್ಯದಲ್ಲಿ ಹಂದಿಯ ಕೊಬ್ಬು ಸೇರಿರಬಹುದು, ಮಾರ್ಷ್‌ಮೆಲ್ಲೋ ಎಂಬ ಮೆತ್ತನೆಯ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಸುಟ್ಟ ಜೋಳದ ತೆನೆ, ಕೆಟಲ್ ಕಾರ್ನ್ ಎಂಬ ಸಿಹಿ ಪಾಪ್‌ಕಾರ್ನ್, ಲೆಮನೇಡ್, ಕತ್ತರಿಸಿದ ಹಣ್ಣು ನೆಚ್ಚಬಹುದಾದವು. ಹೊರಗಿನ ಆಹಾರ ತರಲು ಬಿಡುತ್ತಾರೆಯೇ ಎಂಬ ನಿಯಮವನ್ನು ಮೊದಲೇ ಓದಿಕೊಳ್ಳಿ. ಬಿಡದಿದ್ದರೂ ಕಾರಿನಲ್ಲಿ ತಂಪು ಪೆಟ್ಟಿಗೆಯೊಳಗೆ ಮೊಸರನ್ನವಿದ್ದರೆ ರಾತ್ರಿ ಹೊರಬಂದಾಗ ಅದಕ್ಕಿರುವ ಬೆಲೆ ಬೇರೆ ಯಾವುದಕ್ಕೂ ಇರುವುದಿಲ್ಲ.

ಭಾನುವಾರ: ಬ್ರೆಂಟ್‌ವುಡ್ ತೋಟ

ಮರುದಿನ ಬೇಗ ಹೊರಡಿ. ಲಿವರ್‌ಮೋರ್‌ವರೆಗೆ ಹೆದ್ದಾರಿ, ಅಲ್ಲಿಂದ ವಾಸ್ಕೋ ರಸ್ತೆ. ಬೆಳಗಿನ ಪೂಜೆಯ ಹೊತ್ತಿಗೆ ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗಿ ಮುಂದುವರಿಯುವ ಕನ್ನಡಿಗರು ಅನೇಕರಿದ್ದಾರೆ, ಒಂದೇ ದಾರಿಯಾದ್ದರಿಂದ ಅದು ಸರಿಯೇ; ಆದರೆ ಬಿಸಿಲೇರುವ ಮೊದಲು ತೋಟದಲ್ಲಿರಬೇಕೆಂದಿದ್ದರೆ ದರ್ಶನವನ್ನು ಹಿಂತಿರುಗುವಾಗ ಇಟ್ಟುಕೊಳ್ಳುವುದು ಮೇಲು. ವಾಸ್ಕೋ ರಸ್ತೆಯ ಬಹುಭಾಗ ಎದುರುಬದುರಾಗಿ ವಾಹನಗಳು ವೇಗವಾಗಿ ಸಾಗುವ ಕಿರಿದಾದ ದಾರಿ. ಗಾಳಿಯಂತ್ರಗಳ ಫೋಟೋಕ್ಕೆಂದು ಬದಿಯಲ್ಲಿ ನಿಲ್ಲಿಸುವ ಸಾಹಸ ಬೇಡ.

ದಾರಿಯುದ್ದಕ್ಕೂ ಒಣಗಿ ಹೊಂಬಣ್ಣಕ್ಕೆ ತಿರುಗಿದ ಬೆಟ್ಟಗಳನ್ನು ನೋಡಿ ಬರಗಾಲವೇ ಎಂದು ಅತಿಥಿಗಳು ಕೇಳುವುದು ಸಹಜ. ಊರಿನಲ್ಲಿ ಮೃಗಶಿರ, ಆರಿದ್ರಾ ಮಳೆಗಳ ಕಾಲ ಅದು. ಇಲ್ಲಿ ಮಳೆಯೆಲ್ಲ ಚಳಿಗಾಲದಲ್ಲಿ ಬಿದ್ದು ಬೇಸಿಗೆಯಿಡೀ ಒಂದು ಹನಿಯೂ ಇಲ್ಲದಿರುವುದು ಮಾಮೂಲು. ಹಾಗಾದರೆ ತೋಟ ಹೇಗೆ ಹಸಿರಾಗಿದೆ ಎಂಬ ಮುಂದಿನ ಪ್ರಶ್ನೆಗೆ ಉತ್ತರ ಹತ್ತಿರದ ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳ ಮುಖಜ ಭೂಮಿಯಲ್ಲಿದೆ: ಅಲ್ಲಿಂದ ಕಾಲುವೆಯಲ್ಲಿ ನೀರು ಬರುತ್ತದೆ, ತೋಟದೊಳಗೆ ಹಲವೆಡೆ ಹನಿ ನೀರಾವರಿ ಇರುತ್ತದೆ. ಗಿಡದ ಬುಡದ ಕೊಳವೆಗಳನ್ನು ತೋರಿಸಿದರೆ ಕೃಷಿಕ ಸ್ನೇಹಿತರು ಹಣ್ಣು ಕೀಳುವುದನ್ನೇ ಮರೆತು ಅವುಗಳ ಅಂತರವನ್ನು ಹೆಜ್ಜೆಯಿಂದ ಅಳೆಯಲು ತೊಡಗುತ್ತಾರೆ. ಕೂಲಿಯಾಳುಗಳು ಯಾರೆಂಬ ಪ್ರಶ್ನೆಯೂ ಬಂದೇ ಬರುತ್ತದೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮೆಕ್ಸಿಕೋದಿಂದ ಬಂದವರು.

ಚೆರ್ರಿಯ ಆಸೆಯನ್ನು ಫೇರ್‌ನ ವಾರಾಂತ್ಯದಲ್ಲಿ ಬಿಡಬೇಕಾಗುತ್ತದೆ. ಬ್ರೆಂಟ್‌ವುಡ್‌ನಲ್ಲಿ ಚೆರ್ರಿಯ ಕಾಲ ಮೇ ತಿಂಗಳಲ್ಲಿ ಶುರುವಾಗಿ ಜೂನ್ ನಡುವಿನಷ್ಟರಲ್ಲಿ ಬಹುತೇಕ ಮುಗಿದಿರುತ್ತದೆ. ಜೂನ್ ಕೊನೆಗೆ ಸಿಗುವುದು ಪೀಚ್, ನೆಕ್ಟರಿನ್, ಪ್ಲಮ್, ಅದೃಷ್ಟವಿದ್ದರೆ ಏಪ್ರಿಕಾಟ್, ಮತ್ತು ಆ ಊರಿಗೆ ಹೆಸರು ತಂದ ಸಿಹಿ ಜೋಳ. ನನ್ನ ಮಟ್ಟಿಗೆ ಪೀಚ್ ಚೆರ್ರಿಗಿಂತ ಒಳ್ಳೆಯ ಆಯ್ಕೆ, ಏಕೆಂದರೆ ಅಂಗಡಿಯ ಚೆರ್ರಿಗೂ ತೋಟದ ಚೆರ್ರಿಗೂ ಅಂತರ ಕಡಿಮೆ, ಗಿಡದಲ್ಲೇ ಮಾಗಿದ ಪೀಚ್ ಅಂಗಡಿಯಲ್ಲಿ ಸಿಗುವುದೇ ಇಲ್ಲ.

ಹೊರಡುವ ಬೆಳಿಗ್ಗೆ ತೋಟಕ್ಕೆ ಫೋನ್ ಮಾಡಿ ಅಥವಾ ಅವರ ಅಂದಿನ ಸೂಚನೆ ನೋಡಿ. ಹಿಂದಿನ ದಿನ ಜನ ಹೆಚ್ಚು ಕಿತ್ತಿದ್ದರೆ ಉಳಿದ ಹಣ್ಣು ಮಾಗಲೆಂದು ಬಾಗಿಲು ಮುಚ್ಚಿರುತ್ತಾರೆ. ಕಿತ್ತ ಹಣ್ಣಿಗೆ ಪೌಂಡಿನ ಲೆಕ್ಕದಲ್ಲಿ, ಎಂದರೆ ಸುಮಾರು 450 ಗ್ರಾಮಿಗೆ ಇಂತಿಷ್ಟೆಂದು ಹಣ ಕೊಡಬೇಕು; ಕೆಲವೆಡೆ ತಲೆಗೆ ಪ್ರವೇಶ ಶುಲ್ಕವೂ ಇದೆ. ಕೀಳುವಾಗ ಎಷ್ಟು ತಿನ್ನಬಹುದೆಂಬುದನ್ನು ಬಾಗಿಲಲ್ಲೇ ಕೇಳಿಕೊಳ್ಳಿ. ನಮ್ಮೂರಿನ ತೋಟಕ್ಕೆ ಹೋದಾಗ ಹೊಟ್ಟೆ ತುಂಬ ತಿನ್ನಿ ಎಂದು ಒತ್ತಾಯಿಸುವುದು ಮರ್ಯಾದೆ. ಇಲ್ಲಿ ಅದು ವ್ಯಾಪಾರ, ಅತಿಥಿಗಳಿಗೆ ಮೊದಲೇ ತಿಳಿಸಿದರೆ ಮುಜುಗರವಿರದು. ಮರ ಹತ್ತುವುದಂತೂ ಎಲ್ಲಿಯೂ ಕೂಡದು.

ಪೀಚ್ ಆರಿಸುವಾಗ ಕೆಂಪು ಬಣ್ಣವನ್ನು ನಂಬಬೇಡಿ; ಬಿಸಿಲು ಬಿದ್ದ ಬದಿ ಕಾಯಿಯಲ್ಲೂ ಕೆಂಪಾಗಿರುತ್ತದೆ. ತೊಟ್ಟಿನ ಸುತ್ತಲಿನ ತಳಬಣ್ಣ ಹಸಿರಿನಿಂದ ಹಳದಿಗೆ ತಿರುಗಿದೆಯೇ ನೋಡಿ, ಮೂಸಿ ನೋಡಿ. ಹಣ್ಣನ್ನು ಅಂಗೈಯಲ್ಲಿ ತುಂಬ ಹಿಡಿದು ಸ್ವಲ್ಪ ಮೇಲೆತ್ತಿ ತಿರುಚಿದರೆ ಮಾಗಿದ್ದು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಬೆರಳಿನಿಂದ ಒತ್ತಿ ನೋಡಿದ ಗುರುತು ಸಂಜೆಯೊಳಗೆ ಕಪ್ಪಾಗುತ್ತದೆ. ಆಳವಾದ ಬಕೆಟ್ಟಿಗಿಂತ ಅಗಲವಾದ ಪೆಟ್ಟಿಗೆಯಲ್ಲಿ ಎರಡು ಪದರಕ್ಕಿಂತ ಹೆಚ್ಚಾಗದಂತೆ ಜೋಡಿಸಿ. ಹಿರಿಯರಿಗೆ ಮಡಿಸುವ ಕುರ್ಚಿಯೊಂದನ್ನು ಒಯ್ದು ಮರದ ನೆರಳಲ್ಲಿ ಕೂರಿಸಿದರೆ, ಕಿತ್ತು ತಂದದ್ದನ್ನು ವಿಂಗಡಿಸುವ ಕೆಲಸ ಅವರೇ ವಹಿಸಿಕೊಳ್ಳುತ್ತಾರೆ. ಹತ್ತೂವರೆ, ಹನ್ನೊಂದರೊಳಗೆ ಮುಗಿಸಿ; ಬ್ರೆಂಟ್‌ವುಡ್‌ನ ಮಧ್ಯಾಹ್ನ ಪ್ಲೆಸೆಂಟನ್‌ಗಿಂತಲೂ ಬಿಸಿ.

ಮನೆಗೆ ಬಂದ ಮೇಲೆ

ಸಿಹಿ ಜೋಳವನ್ನು ಆ ರಾತ್ರಿಯೇ ಬೇಯಿಸಿ, ಏಕೆಂದರೆ ಕಿತ್ತ ಗಳಿಗೆಯಿಂದಲೇ ಅದರ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಗಟ್ಟಿಯಿರುವ ಪೀಚ್, ಏಪ್ರಿಕಾಟ್‌ಗಳನ್ನು ಫ್ರಿಜ್ಜಿನಲ್ಲಿಡದೆ ತೊಟ್ಟು ಕೆಳಗಾಗಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಮೆತ್ತಗಾದ ಮೇಲಷ್ಟೇ ತಂಪಿಗಿಡಿ. ತೀರ ಮಾಗಿದವನ್ನು ಬೆಲ್ಲ, ಏಲಕ್ಕಿ ಹಾಕಿ ಮಾವಿನ ಸೀಕರಣೆಯ ಹಾಗೆ ಮಾಡಿದರೆ ಚಪಾತಿಗೆ ಚೆನ್ನಾಗಿ ಹೊಂದುತ್ತದೆ. ಓಟೆಯನ್ನು ಊರಿಗೆ ಒಯ್ದು ನೆಡುತ್ತೇನೆ ಎನ್ನುವ ಸ್ನೇಹಿತರು ಸಿಗುತ್ತಾರೆ. ಬೀಜ, ಸಸಿಗಳನ್ನು ಭಾರತಕ್ಕೆ ಒಯ್ಯಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಮತ್ತು ಆಮದಿನ ಅನುಮತಿ ಬೇಕಾಗುತ್ತದೆ, ಜೊತೆಗೆ ಪೀಚ್ ಮರಕ್ಕೆ ಚಳಿಗಾಲದ ನೂರಾರು ಗಂಟೆಗಳ ಚಳಿ ಸಿಗದಿದ್ದರೆ ಸರಿಯಾಗಿ ಹೂ ಬಿಡುವುದಿಲ್ಲ ಎಂದು ತಿಳಿಸಿ. ಎರಡು ದಿನವೂ ಹಾಕಿಕೊಂಡ ಬೂಟುಗಳನ್ನು ಅಂದೇ ತೊಳೆದು ಬಿಸಿಲಿಗಿಡಿ. ಅವರು ಊರಿನ ಕೊಟ್ಟಿಗೆಗೆ ಮರಳುವಾಗಲೂ ಅವು ಶುಚಿಯಾಗಿರುವುದು ಅಷ್ಟೇ ಅಗತ್ಯ.